ನನ್ನ ದನಿ ಅಕ್ಕನನ್ನು ಹಬ್ಬಕ್ಕೆ ಕರೆಯಿತು

ನನ್ನ ದನಿಗೆ ನಾನೇ ಹೆದರುವ ಕಾಲ ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಕಿಬ್ಬನಹಳ್ಳಿ ಕ್ರಾಸಿನಲ್ಲಿ ನನ್ನದೊಂದು ಸೀರೆ ಅಂಗಡಿ. ಬಸ್ಸಿನಿಂದ ಇಳಿದ ಹೆಂಗಸರನ್ನು 'ಬನ್ರಮ್ಮ, ತಗೊಳ್ದಿದ್ರೆ ಬ್ಯಾಡ, ನೋಡಿ ಹೋಗಿ' ಎಂದು ಕೂಗಿ ಕರೆದೇ ಬದುಕಿದವನು ನಾನು. ಬಂಡವಾಳವೆಲ್ಲ ಬಾಯಲ್ಲೇ ಇದೆ ಎಂದು ಹೆಂಡತಿ ಹಂಗಿಸುವುದುಂಟು.

ಹೋದ ವರ್ಷ ಗೌರಿ ಹಬ್ಬಕ್ಕೆ ಮುಂಚೆ ಮೊಬೈಲ್ ಮಾರ್ಕೆಟಿಂಗ್ ಕಂಪನಿಯವನೊಬ್ಬ ಅಂಗಡಿಗೆ ಬಂದ. ಆಗ ವ್ಯಾಪಾರ ಬಿದ್ದುಹೋಗಿತ್ತು. ಮೊಬೈಲಿನಲ್ಲಿ ಆರ್ಡರ್ ಮಾಡಿದ ಸೀರೆ ಊರೂರಿಗೆ ಪಾರ್ಸೆಲ್ಲಿನಲ್ಲಿ ಬರುತ್ತಿತ್ತು. 'ಸ್ವಲ್ಪ ಹೊತ್ತು ಮಾತಾಡಿ ರೆಕಾರ್ಡ್ ಮಾಡಿಕೊಡಿ ಸಾರ್. ನಿಮ್ಮ ದನಿ ನಮ್ಮ ಕ್ಲೌಡ್‌ನಲ್ಲಿ ಇರ್ತದೆ. ಅದೇ ನಿಮ್ಮ ನಂಬರಿನಿಂದ ಗಿರಾಕಿಗಳಿಗೆ ಫೋನ್ ಮಾಡ್ತದೆ, ಕೇಳಿದ್ದಕ್ಕೆ ಉತ್ತರ ಕೊಡ್ತದೆ, ಅವರು ಹೇಳಿದ್ದನ್ನ ನೆನಪಿಟ್ಕೊಳ್ತದೆ' ಎಂದ. ಮಾತಾಡಿ ಕೊಟ್ಟೆ. ಸ್ವಲ್ಪ ಹೊತ್ತಿಗೆ ಫೋನಿನೊಳಗಿಂದ ನಾನೇ 'ಊಟ ಆಯ್ತೇನ್ರಮ್ಮ?' ಎಂದು ವಿಚಾರಿಸಿದೆ. ನನಗೆ ನಗು ಬಂತು. ಹೆಂಡತಿ ಮಾತ್ರ, 'ಎದೆ ಝಲ್ ಅಂತದೆ ಕಣ್ರೀ, ಆಫ್ ಮಾಡಿ' ಎಂದಳು. ನಾನು ಕೇಳಲಿಲ್ಲ. ಅದು ಅನುಮತಿ ಕೇಳಿದ್ದಕ್ಕೆಲ್ಲ ಓದದೆ ಹೂಂ ಎಂದು ಒತ್ತಿದೆ. ಫೋನಿನಲ್ಲಿದ್ದ ನಂಬರುಗಳೆಲ್ಲ ಅದರ ಪಾಲಾದವು.

ವ್ಯಾಪಾರ ಕುದುರಿತು, ಸುಳ್ಳು ಹೇಳುವುದಿಲ್ಲ. 'ನೀವೇ ಫೋನ್ ಮಾಡಿ ಕರೆದ್ರಲ್ಲ' ಎಂದು ಹೆಂಗಸರು ಬರತೊಡಗಿದರು. ಹಬ್ಬದ ಹಿಂದಿನ ದಿನ ಹುಳಿಯಾರಿನ ಬಸ್ಸಿನಿಂದ ನನ್ನ ಅಕ್ಕ ಇಳಿದಳು.

ಅಕ್ಕನನ್ನು ಕೊಟ್ಟಿರುವುದು ಬೋರನಕಣಿವೆ ಕಡೆಗೆ. ತೆಂಗಿನ ತೋಟದ ಪಾಲಿನ ಮಾತಿನಲ್ಲಿ ಭಾವನಿಗೂ ನಮ್ಮ ಅಪ್ಪನಿಗೂ ಆಗದೆ, ಅಪ್ಪ ತೀರಿಕೊಂಡ ಮೇಲೂ ಹೋಗಿಬರುವುದು ನಿಂತಿತ್ತು. ನಮ್ಮ ಕಡೆ ಗೌರಿ ಹಬ್ಬಕ್ಕೆ ತವರಿನವರು ಬಾಯಿಬಿಟ್ಟು ಕರೆಯದೆ ಹೆಣ್ಣುಮಗಳು ಬರುವುದಿಲ್ಲ. ಕರೆದರೆ ಎಂಥ ಜಗಳವಿದ್ದರೂ ಬಂದು ಬಾಗಿನ ತೆಗೆದುಕೊಂಡು ಹೋಗುತ್ತಾಳೆ. ಹಬ್ಬಕ್ಕೆ ಸೀರೆ ಬಂದಿವೆ, ತಪ್ಪದೆ ಬನ್ನಿ ಎಂದು ನನ್ನ ದನಿ ಎಲ್ಲರ ಜೊತೆ ಅವಳನ್ನೂ ಕರೆದಿತ್ತು.

'ನನ್ನೂ ಬನ್ನಿ ಅಂತ ಕರೀತೀಯಲ್ಲ, ದೊಡ್ಡ ಸಾಹುಕಾರ ಆಗ್ಬುಟ್ಟೆ ಕಣ್ಲಾ' ಎಂದು ನಗುತ್ತಲೇ ಕಣ್ಣೊರೆಸಿಕೊಂಡಳು. ಕರೆದದ್ದು ನಾನಲ್ಲ ಎಂದು ಹೇಳದೆ ಅವಳ ಚೀಲ ಎತ್ತಿಕೊಂಡು ಮನೆಗೆ ಕರೆದುಕೊಂಡು ಹೋದೆ. ಮನೆಯಲ್ಲಿ ಅವ್ವ ಅವಳ ಕೈ ಹಿಡಿದವಳು ಬಿಡಲೇ ಇಲ್ಲ. ಸಂಜೆ ಹಿತ್ತಲಲ್ಲಿ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದು, 'ನಾನು ಫೋನಲ್ಲಿ ನಿಂಗೆ ಹೇಳಿದ್ನಲ್ಲ, ಅದನ್ನ ಅವ್ವಂಗೆ ಹೇಳ್ಬ್ಯಾಡ' ಎಂದಳು.

ನಾನು ಹೂಂ ಎಂದೆ. ಏನು ಹೇಳಿದ್ದಳೋ ನನಗೆ ಗೊತ್ತಿರಲಿಲ್ಲ. ಅಂಗಡಿಗೆ ಹೋಗಿ ಬಾಗಿಲು ಹಾಕಿಕೊಂಡು, ಫೋನು ಬಾಯಿಯ ಹತ್ತಿರ ಹಿಡಿದು, ಅಕ್ಕ ಏನು ಹೇಳಿದಳು ಎಂದು ಕೇಳಿದೆ. ಫೋನು ನನ್ನದೇ ದನಿಯಲ್ಲಿ ಹೇಳಿತು: 'ಎದೆಯಲ್ಲಿ ಗಂಟಾಗಿದೆಯಂತೆ. ಮನೆಯಲ್ಲಿ ಯಾರಿಗೂ ಹೇಳಿಲ್ಲವಂತೆ. ಅವರಿಗೆ ಮೆತ್ತನೆಯ ಹತ್ತಿ ಸೀರೆ ತೋರಿಸಬಹುದು. ಮತ್ತೆ ಯಾವಾಗ ಕರೆ ಮಾಡಲಿ?'

ಗಂಡನಿಗೂ ಹೇಳದ ಮಾತನ್ನು ಅವಳು ತಮ್ಮನಿಗೆಂದು ಹೇಳಿದ್ದಳು, ಆ ದನಿ ಅದನ್ನು ಸೀರೆ ಮಾರುವುದಕ್ಕೆ ಇಟ್ಟುಕೊಂಡಿತ್ತು. ಉತ್ತರ ಕೊಡದೆ ಫೋನನ್ನು ಬೋರಲು ಹಾಕಿ ಮನೆಗೆ ಬಂದೆ. ನೆಂಟರು ತುಂಬಿದ್ದ ಮನೆಯಲ್ಲಿ ಆ ಮಾತು ಎತ್ತಲು ಆಗಲಿಲ್ಲ. ಹಬ್ಬ ಮುಗಿಸಿಕೊಂಡು ಅಕ್ಕ ಬಾಗಿನದ ಮೊರ ಎದೆಗೆ ಅವಚಿಕೊಂಡು ಬಸ್ಸು ಹತ್ತಿದಳು.

ಕೆಲವು ದಿನ ಕಳೆದ ಮೇಲೆ ಧೈರ್ಯ ಮಾಡಿ ನಾನೇ ಅವಳಿಗೆ ಫೋನ್ ಮಾಡಿದೆ. ತಿಪಟೂರಿನ ಡಾಕ್ಟರಿಗೆ ತೋರಿಸೋಣ ಬಾ ಎಂದೆ.

'ದನಿ ಯಾಕ್ಲಾ ನಡುಗ್ತೈತೆ?' ಎಂದಳು. 'ನಿನ್ನೆ ಎಷ್ಟು ಚೆಂದಾಗಿ ಮಾತಾಡ್ದೆ. ಏನೂ ಆಗಕ್ಕಿಲ್ಲ, ಹೆದರ್ಬ್ಯಾಡ ಅಂದ್ಯಲ್ಲ. ಅದಕ್ಕೇ ಆಸ್ಪತ್ರೆ ಯೋಚ್ನೆ ಬುಟ್ಟೆ.'

ನಿನ್ನೆ ನಾನು ಫೋನ್ ಮಾಡಿರಲಿಲ್ಲ. ಬೇಡ ಎಂದು ನಾನು ಹೇಳದಿದ್ದುದರಿಂದ ಅದು ಅವಳನ್ನು ವಿಚಾರಿಸಿಕೊಳ್ಳುತ್ತಲೇ ಇತ್ತು. ಗಿರಾಕಿಯ ಮನಸ್ಸು ನೋಯಿಸಬಾರದೆಂದು ಕಲಿತ ದನಿ, ಅವಳು ಕೇಳಬಯಸಿದ್ದನ್ನೇ ಹೇಳಿತ್ತು. ಅಕ್ಕ ಸಾಯುತ್ತಾಳೆ ಎಂಬ ಭಯ ನನ್ನನ್ನು ಹಿಡಿದದ್ದು ಆಗಲೇ.

'ಅಕ್ಕ, ಅದು ನಾನಲ್ಲ' ಎಂದು ಎಲ್ಲವನ್ನೂ ಹೇಳಿದೆ.

'ಹಂಗಾರೆ ಹಬ್ಬಕ್ಕೆ ಕರೆದಿದ್ದೂ ನೀನಲ್ವಾ?'

ಇಲ್ಲ ಎಂದೆ. ಅವಳು ಫೋನ್ ಇಟ್ಟಳು.

ಕಂಪನಿಯವನಿಗೆ ಹೇಳಿ ಅದನ್ನು ನಿಲ್ಲಿಸಲು ನೋಡಿದೆ. 'ರಿಕ್ವೆಸ್ಟ್ ಹಾಕಿದೀನಿ ಸಾರ್, ಪೂರ್ತಿ ನಿಲ್ಲೋಕೆ ಟೈಮ್ ತಗೊಳ್ತದೆ' ಎಂದ. ಅವಳು ಹೇಳಿದ ಮಾತು ಅಳಿಸಿಹೋಗುತ್ತದೆಯೇ ಎಂದು ಕೇಳಿದೆ. ಅದು ತನ್ನ ಕೈಯಲ್ಲಿಲ್ಲ ಎಂದ.

ಬೆಳಿಗ್ಗೆ ಎದ್ದವನೇ ಮೊದಲ ಬಸ್ಸಿಗೆ ಹೊರಟು ಅವಳ ಮನೆಯ ಬಾಗಿಲಲ್ಲಿ ನಿಂತೆ. 'ಈಗ ನಾನೇ ಬಂದು ಕರೀತಾ ಇದೀನಿ ಕಣಕ್ಕ, ನಡಿ' ಎಂದೆ. ಅವಳು ಒಳಗೆ ಹೋಗಿ ಭಾವನ ಹತ್ತಿರ ಏನೋ ಹೇಳಿ, ಹಬ್ಬದಲ್ಲಿ ನಾವು ಕೊಟ್ಟ ಸೀರೆ ಉಟ್ಟು ಬಂದಳು.

ತಿಪಟೂರಿನ ಬಸ್ಸಿನಲ್ಲಿ ಅವಳು ಕಿಟಕಿ ಪಕ್ಕ, ನಾನು ಅವಳ ಪಕ್ಕ. ನನ್ನ ಎರಡೂ ಕೈ ಮುಂದಿನ ಸೀಟಿನ ಕಂಬಿಯ ಮೇಲಿದ್ದವು. ಅವಳ ಮಡಿಲಲ್ಲಿದ್ದ ಫೋನು ಹೊಡೆದುಕೊಳ್ಳತೊಡಗಿತು. ಪರದೆಯ ಮೇಲೆ 'ತಮ್ಮ' ಎಂದಿತ್ತು.

ಅಕ್ಕ ಅದನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡು, ಫೋನು ತಾನಾಗಿ ನಿಲ್ಲುವವರೆಗೂ ಬಿಡಲಿಲ್ಲ.