ನೈಲಾನ್ ಸೀರೆಯ ಮೈಲಿಗೆ

ಭದ್ರಾವತಿಯ ಕಾರ್ಖಾನೆ ಕಾಲೊನಿಯ ಲೇಡೀಸ್ ಕ್ಲಬ್ಬಿನಲ್ಲಿ ದೀಪಾವಳಿಗೆ ಮುಂಚೆ ಒಂದು ವಾರ ಹೊಸ ಸೀರೆಗಳ ಪ್ರದರ್ಶನ ನಡೆಯುತ್ತಿತ್ತು. ಶಿವಮೊಗ್ಗದ ಗಾಂಧಿ ಬಜಾರಿನ ವ್ಯಾಪಾರಿಯೊಬ್ಬ ಗಂಟು ತರುತ್ತಿದ್ದ. ಮೊದಮೊದಲು ಜಮಖಾನದ ಮೇಲೆ ಹರವುತ್ತಿದ್ದ, ಆಮೇಲೆ ಹಗ್ಗಕ್ಕೆ ನೇತುಹಾಕತೊಡಗಿದ. ನೈಲಾನ್ ಬಂದ ವರ್ಷ ಆಫೀಸರುಗಳ ಹೆಂಡಂದಿರಿಗೆ ಸೀರೆಯನ್ನು ಮೈಮೇಲೆ ನೋಡುವ ಆಸೆ ಹುಟ್ಟಿತು. ವ್ಯಾಪಾರಿಯ ಮುಂದೆ ಉಟ್ಟು ನಿಲ್ಲಲು ಮಾತ್ರ ಯಾರೂ ಒಪ್ಪಲಿಲ್ಲ. ಅಲ್ಲಿ ಲೋಟ ತೊಳೆಯುತ್ತಿದ್ದ ನನ್ನ ಅವ್ವನನ್ನು ಕರೆದರು.

"ಇವಳು ಉಟ್ರೆ ಮೈಲಿಗೆ ಆಗಲ್ವೇನ್ರೀ?" ಎಂದಳು ಒಬ್ಬಳು.

"ರೇಷ್ಮೆಗೆ ಮೈಲಿಗೆ ಇದ್ಯಾ ಮಾರಾಯ್ತಿ? ನೈಲಾನೂ ಹಾಗೇ," ಎಂದಳು ಕ್ಲಬ್ಬಿನ ಸೆಕ್ರೆಟರಿ.

ಅವ್ವ ಗುಲಾಬಿ ಬಣ್ಣದ ಸೀರೆ ಉಟ್ಟು ಬಂದಳು. ಅವಳ ಜೊತೆ ಬಂದಿದ್ದ ನನಗೇ ಗುರುತು ಸಿಗಲಿಲ್ಲ. ವ್ಯಾಪಾರಿ ಬಾಯಿ ತಪ್ಪಿ "ವಾಹ್" ಎಂದುಬಿಟ್ಟ.

ಅಷ್ಟೇ, ಆ ಕ್ಷಣದಿಂದ ನೈಲಾನಿಗೂ ಮೈಲಿಗೆ ಬಂತು. ಆ ಸೀರೆಯನ್ನು ಯಾರೂ ಕೊಳ್ಳಲಿಲ್ಲ. ಸೆಕ್ರೆಟರಿ ಕ್ಲಬ್ಬಿನ ಲೆಕ್ಕದಲ್ಲಿ ಅದರ ದುಡ್ಡು ಕೊಟ್ಟು, ಅದನ್ನು ಕತ್ತರಿಸಿ, ನೆಲ ಒರೆಸೆಂದು ಅವ್ವನ ಕೈಗೇ ಕೊಟ್ಟಳು. ಆ ಹಾಳು ನೈಲಾನು ನೀರನ್ನೂ ಹೀರುತ್ತಿರಲಿಲ್ಲ.

ಮುಂದಿನ ವರ್ಷ ಸೀರೆ ಉಡಿಸಿ ನಿಲ್ಲಿಸಲು ಮದ್ರಾಸಿನಿಂದ ಆಳೆತ್ತರದ ಒಂದು ಗೊಂಬೆ ತರಿಸಿದರು. ಅದಕ್ಕೆ ಸೀರೆ ಉಡಿಸುವ ಕೆಲಸ ಅವ್ವನಿಗೇ ಬಂತು. ಅವಳ ಕೈಯಿಂದ ನೆರಿಗೆ ಹಿಡಿಸಿಕೊಂಡ ಸೀರೆಗಳೆಲ್ಲ ಅಂದೇ ಸಂಜೆ ಖರ್ಚಾದವು.