ಬಿಡಬ್ಯಾಡ್ರಿ

ಚೀಟಿಯ ಮೇಲೆ ನಾನು ಬರೆದದ್ದು ‘ಬಿಡಬ್ಯಾಡ್ರಿ’ ಎಂದು. ಬಿಎಸ್ಸಿ ಓದಿದವನು ‘ಬಿಡಬೇಡಿ’ ಎನ್ನಬಹುದಿತ್ತು. ಆದರೆ ಸಂಡೂರಿನ ಗುಡ್ಡದ ಮೇಲೆ, ನಮ್ಮ ಗಣಿಯಲ್ಲಿ, ಮಾತಾಡಿದಂತೆಯೇ ಬರೆಯುವುದು ರೂಢಿ. ಟಿಪ್ಪರುಗಳ ಬ್ರೇಕ್ ನೋಡಿ ಚೀಟಿ ಬರೆಯುವುದು ನನ್ನ ಕೆಲಸ. ಚೀಟಿ ಗೇಟಿನ ಆಫೀಸಿಗೆ ಹೋಗಿ, ಅಲ್ಲಿಂದ ಡ್ರೈವರನ ಕೈಗೆ ಸೇರುತ್ತಿತ್ತು. ‘ಬಿಡ್ರಿ’ ಎಂದಿದ್ದರೆ ಮಾತ್ರ ಗಾಡಿ ಹೊರಡಬೇಕು.

“ಗಾಲಿಗೆ ಪೂಜಿ ಮಾಡಾಕ್ಹತ್ತೀರೋ, ಬ್ರೇಕ್ ನೋಡಾಕ್ಹತ್ತೀರೋ? ಜಲ್ದಿ ಮುಗಸ್ರಿ ಸರ್, ಅಟ್ರಾಗ ಚಾ ಕುಡದ್ ಬರ್ತೀನಿ,” ಎಂದು ಆ ದಿನ ಒಬ್ಬ ಡ್ರೈವರು ಹೋದ. ಬ್ರೇಕ್ ಪೆಡಲ್ ಒತ್ತಿದರೆ ತಳಕ್ಕೇ ಇಳಿಯಿತು. ಚೀಟಿ ಬರೆದು ಗೇಟಿಗೆ ಕಳಿಸಿ, ಕೆಳಗಿನ ಯಾರ್ಡಿಗೆ ನಡೆಯುತ್ತಾ ಹೊರಟೆ. ಅರ್ಧ ದಾರಿಯಲ್ಲಿ ಬೆನ್ನ ಹಿಂದೆ ಹಾರನ್ನು. ನಿಲ್ಲದ ಹಾರನ್ನು. ತಿರುಗಿದಾಗ ಅದೇ ಟಿಪ್ಪರು ಅದಿರು ತುಂಬಿಕೊಂಡು ನನ್ನ ಮೇಲೇ ಬರುತ್ತಿತ್ತು. ಮಣ್ಣಿನ ಒಡ್ಡಿಗೆ ಹಾರಿ ಬಿದ್ದೆ. ಗಾಳಿ ಅಂಗಿ ಎಳೆಯಿತು. ಟಿಪ್ಪರು ತಿರುವಿನಾಚೆ ಕಣಿವೆಗೆ ಹೋಯಿತು. ಈಗಲೂ ಹೊಸಪೇಟೆಯ ಬಜಾರಿನಲ್ಲಿ ಹಾರನ್ನು ಕೇಳಿದರೆ ನಾನು ಗೋಡೆಗೆ ಅಂಟಿಕೊಳ್ಳುತ್ತೇನೆ.

ಸತ್ತ ಡ್ರೈವರನ ಜೇಬಿನಲ್ಲಿ ಸಿಕ್ಕ ಚೀಟಿಯಲ್ಲಿ ‘ಬಿಡ್ರಿ’ ಎಂದಿತ್ತು. ಮುಂದೆ ನೀಲಿ ಗೀಚು.

ಹೊಸಪೇಟೆಯ ವಿಚಾರಣೆಯಲ್ಲಿ ಗಣಿಯ ವಕೀಲರು, “ನೀವ ಬರದ್ರಿ, ನೀವ ಗೀಚಿದ್ರಿ. ಡಿಗ್ರಿ ಆಗೇತಿ, ಒಂದು ಶಬ್ದ ನೆಟ್ಟಗ ಬರಿಯಾಕ ಬರಾಂಗಿಲ್ಲೇನ್ರಿ?” ಎಂದರು. ತಿಂಗಳುಗಳು ಕಳೆದಂತೆ ನನಗೂ ಸಂಶಯ ಹತ್ತಿತು. ನಾನೇ ಬಿಟ್ಟೆನೇ? ಊಟದ ತಟ್ಟೆಯ ಪಕ್ಕದಲ್ಲಿ ಬೆರಳಿನಿಂದ ಆ ಶಬ್ದ ಬರೆದು, ಕೈಗೆ ನೆನಪಿದೆಯೇ ಎಂದು ನೋಡುತ್ತಿದ್ದೆ.

ಕೊನೆಗೆ ಪ್ರಯೋಗಾಲಯದಿಂದ ಚೀಟಿಯ ಫೋಟೋಗಳು ಬಂದವು. ಕಣ್ಣಿಗೆ ಅಕ್ಷರ, ಗೀಚು ಎರಡೂ ಒಂದೇ ನೀಲಿ. ಕಣ್ಣಿಗೆ ಕಾಣದ, ಕೆಂಪಿನಾಚೆಯ ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ ಗೀಚು ಗಾಜಿನಂತೆ ಕರಗಿತ್ತು. ‘ಬಿಡ’ವನ್ನು ‘ಬಿಡ್ರಿ’ ಮಾಡಲು ಡಕಾರಕ್ಕೆ ಕೊಟ್ಟ ಗುಡಿಸು, ಕೆಳಗೆ ಎಳೆದ ರಕಾರದ ಒತ್ತು, ಅವೂ ಇರಲಿಲ್ಲ. ಉಳಿದದ್ದು ನನ್ನ ಶಾಯಿ, ಕಪ್ಪಗೆ: ಬಿಡಬ್ಯಾಡ್ರಿ. ಬೇರೆ ಪೆನ್ನು ಯಾರದೆಂದು ಗೇಟಿನವರನ್ನು ಕೇಳತೊಡಗಿದರು. ನನಗೆ ಹೋಗಲು ಹೇಳಿದರು.

ಪಡಸಾಲೆಯಲ್ಲಿ ಆ ಡ್ರೈವರನ ಹೆಂಡತಿ ಕೂತಿದ್ದರು. ಚೋರನೂರಿನಿಂದ ಪ್ರತಿ ಸಲವೂ ಬರುತ್ತಿದ್ದರು.

“ಕುಂದ್ರಿ,” ಎಂದರು. ಕೂತೆ. “ನಮ್ಮ ಮನ್ಯಾರ ಕೈಗೆ ಬಂದಾಗ ಹೆಂಗಿತ್ರಿ ಆ ಚೀಟಿ? ಗೀಚೋಕಿಂತ ಮೊದಲ ನೋಡಿದ್ರೋ ಏನೋ. ಗೊತ್ತಿದ್ದೂ ಗಾಡಿ ಹತ್ತಿದ್ರೇನು?”

ಯಾವ ಗೆರೆ ನನ್ನದು, ಯಾವುದು ಬೇರೆ ಪೆನ್ನಿನದು ಎಂದು ಕ್ಯಾಮೆರಾ ಹೇಳಿತ್ತು. ಇದನ್ನು ಹೇಳಿರಲಿಲ್ಲ. ನಾನು ಕಣ್ಣು ಮುಚ್ಚಿದೆ. ಒಡ್ಡಿನ ಮೇಲಿಂದ, ಹಾದುಹೋದ ಕಿಟಕಿಯಲ್ಲಿ, ಒಂದು ಕ್ಷಣ ಕಂಡ ಆ ಮುಖ. ಅದನ್ನು ಯಾರೂ ಕೇಳಿರಲಿಲ್ಲ, ನಾನೂ ಯಾರಿಗೂ ಹೇಳಿರಲಿಲ್ಲ.

“ಗೊತ್ತಿರ್ಲಿಲ್ರಿ,” ಎಂದೆ. “ಹೆದರಿಕಿ ಆಮ್ಯಾಲಿನ ಮಾತು. ನಾ ನೋಡಿದಾಗ ಮುಖದಾಗ ಬರೇ ಆಶ್ಚರ್ಯ ಇತ್ತು. ಪೆಡಲ್ ಹೆಂಗ ಕೆಳಗ ಹೋತು ಅನ್ನೋ ಹಂಗ.”

ಆಕೆ ಸ್ವಲ್ಪ ಹತ್ತಿರ ಸರಿದರು.

“ಇನ್ನೊಮ್ಮೆ ಹೇಳ್ರಿ,” ಎಂದರು. “ಹಾರನ್ ಕೇಳಿದಲ್ಲಿಂದ ಹೇಳ್ರಿ.”