ಬೆನ್ನ ಮೇಲಿನ ಮುಂಗುಸಿ

ಚಿತ್ರಕಲೆಯ ಡಿಪ್ಲೊಮಾ ಮುಗಿಸಿದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ಟಿಳಕವಾಡಿಯ ಒಂದು ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯಲ್ಲಿ. ಮದುವೆ ಕಾರ್ಡಿಗೆ ಗಣಪತಿ, ಬೇಕರಿಯ ಡಬ್ಬಿಗೆ ಗುಲಾಬಿ, ಬಟ್ಟೆ ಅಂಗಡಿಯ ಚೀಲಕ್ಕೆ ಬಳ್ಳಿ. ದಿನವಿಡೀ ಇದೇ. ಎರಡು ಸಾವಿರದ ಇಸವಿಯ ಆಸುಪಾಸು ಅದು. ಬೆಳಗಾವಿಯ ಕಾಲೇಜು ಹುಡುಗರಿಗೆ ಎದೆ ಮೇಲೆ ಚಿತ್ರವಿರುವ ಟೀ ಶರ್ಟಿನ ಹುಚ್ಚು ಹಿಡಿದಿತ್ತು. ನಾನು ಕಾಕಾ ಎಂದು ಕರೆಯುತ್ತಿದ್ದ ನಮ್ಮ ಮಾಲೀಕರು ಬಾಗಿಲಿಗೆ ಹೊಸ ಬೋರ್ಡು ತೂಗಿಹಾಕಿದರು: ನಿಮಗೆ ಬೇಕಾದ ಚಿತ್ರ, ಬೇಕಾದಷ್ಟೇ ಟೀ ಶರ್ಟು, ಒಂದು ಡಜನ್ ಇದ್ದರೂ ಸಾಕು.

ಮೊದಲ ಆರ್ಡರು ಖಾನಾಪುರದ ಒಂದು ಸಾಲೆಯ ಹುಡುಗಿಯರ ಖೋ ಖೋ ತಂಡದ್ದು. ಹನ್ನೆರಡು ಹಳದಿ ಟೀ ಶರ್ಟು. "ಏನರ ಜೋರದಾರ ಪ್ರಾಣಿ ತಗಿ" ಎಂದರು ಕಾಕಾ. ಖಾನಾಪುರ ಅಂದರೆ ಕಾಡು, ಕಾಡು ಅಂದರೆ ಕಾಡುಕೋಣ ಎಂದುಕೊಂಡು ಎದೆ ತುಂಬುವಂಥ ಕರಿಯ ಕೋಣವನ್ನು ಬರೆದೆ. ನನ್ನ ಚಿತ್ರ ಬಟ್ಟೆ ಮೇಲೆ ಬಂದದ್ದು ಅದೇ ಮೊದಲು. ಕಟ್ಟು ಕಟ್ಟುವಾಗ ಒಂದನ್ನು ಮೈಗೆ ಹಿಡಿದು ಗಾಜಿನ ಕಪಾಟಿನಲ್ಲಿ ನೋಡಿಕೊಂಡೆ.

ಎರಡು ವಾರಕ್ಕೆ ಆ ತಂಡದ ಪಿ.ಟಿ. ಟೀಚರ್ ಬಸ್ಸಿನಿಂದಿಳಿದು ನೇರ ಅಂಗಡಿಗೆ ಬಂದರು. ನಲವತ್ತರ ಆಸುಪಾಸಿನ, ಗಟ್ಟಿ ಜಡೆಯ ಹೆಂಗಸು. ಚೀಲದಿಂದ ಟೀ ಶರ್ಟುಗಳನ್ನು ತೆಗೆದು ಒಂದೊಂದಾಗಿ ಹರಡಿದರು. ಒಂದು ಕೋಣಕ್ಕೆ ಕೊಂಬಿರಲಿಲ್ಲ. ಇನ್ನೊಂದರ ಹೊಟ್ಟೆ ಒಣಗಿದ ಕೆರೆಯ ಮಣ್ಣಿನಂತೆ ಸೀಳಿತ್ತು. ಕೆಲವುಗಳಲ್ಲಿ ನಾಲ್ಕು ಗೊರಸು ಮಾತ್ರ ಉಳಿದಿದ್ದವು.

"ಕಲ್ಲಿನ ಮ್ಯಾಲ ಹಾಕಿ ತಿಕ್ಕಿದ್ರ ಯಾವ ಬಣ್ಣ ನಿಲ್ತದ್ರಿ?" ಎಂದರು ಕಾಕಾ.

"ಮತ್ತ ಆಡೋ ಹುಡುಗ್ಯಾರ ಅಂಗಿ ಎಲ್ಲಿ ಒಗೀಬೇಕ್ರಿ? ಒಮ್ಮೆ ಒಗದದ್ದಕ್ಕ ಹಿಂಗಾಗೇದ." ಟೀಚರ್ ದನಿ ಏರಿಸಲಿಲ್ಲ. ನನ್ನ ಕಡೆ ತಿರುಗಿ ಕೇಳಿದರು, "ಚಿತ್ರಾ ನೀ ತಗದಿದ್ದೇನವಾ? ಛಂದ ಇತ್ತು."

ಆ 'ಇತ್ತು' ಎಂಬ ಮಾತು ನನಗೆ ಚುಚ್ಚಿತು. ಯೋಚಿಸುವ ಮೊದಲೇ ಬಾಯಿಂದ ಬಂತು, "ಟೀಚರ್, ಅಂಗಿ ಇಲ್ಲೇ ಬಿಟ್ಟ ಹೋಗ್ರಿ. ನಾ ಸರಿ ಮಾಡಿ ಕೊಡ್ತೀನಿ."

ಅವರು ಹೋದ ಮೇಲೆ ಕಾಕಾ ಮುಖ ಗಂಟಿಕ್ಕಿದರು. "ಮಾಡೂದಿದ್ರ ನಿನ್ನ ಮನ್ಯಾಗ ಮಾಡ. ಅಂಗಡಿ ಹೆಸರ ತರಬ್ಯಾಡ." ಆದರೂ ಮೂಲೆಯಲ್ಲಿದ್ದ, ಅಚ್ಚೊತ್ತುವ ಜಾಲರಿಯ ಹಳೆಯ ಚೌಕಟ್ಟೊಂದನ್ನು ಒಯ್ಯಲು ಬಿಟ್ಟರು.

ತಪ್ಪು ಎಲ್ಲಿದೆ ಎಂಬುದು ನಮ್ಮೂರಿನ ಶಹಾಪುರ ಪೇಟೆಯಲ್ಲಿ ಸೀರೆಗಳಿಗೆ ಅಚ್ಚು ಹಾಕುವವರಿಗೆ ಬಣ್ಣ ಮಾರುವ ಅಂಗಡಿಯಲ್ಲಿ ತಿಳಿಯಿತು. ನಾವು ಹಚ್ಚಿದ್ದು ಸ್ಟಿಕರಿನ ಬಣ್ಣ. ಅದು ಬಟ್ಟೆಯ ಮೇಲೆ ಕೂರುತ್ತದೆಯೇ ಹೊರತು ನೂಲಿನೊಳಗೆ ಇಳಿಯುವುದಿಲ್ಲ. ಬಟ್ಟೆಯ ಬಣ್ಣವೇ ಬೇರೆ. "ಹಚ್ಚಿದ್ರಷ್ಟ ಸಾಲೂದಿಲ್ಲ, ಕಾವು ಕೊಡಬೇಕು" ಎಂದು ಹೇಳಿ ಅಂಗಡಿಯವರು ಒಂದು ಡಬ್ಬಿ ಕೊಟ್ಟರು.

ಆ ಭಾನುವಾರ ನಾನು ಖಾನಾಪುರಕ್ಕೆ ಹೋದೆ. ಯಾರಿಗಾಗಿ ಬರೆಯುತ್ತಿದ್ದೇನೆ ಎಂಬುದನ್ನು ಒಮ್ಮೆಯಾದರೂ ನೋಡಬೇಕೆನಿಸಿತ್ತು. ಕೆಂಪು ಮಣ್ಣಿನ ಮೈದಾನದಲ್ಲಿ ಹುಡುಗಿಯರು ಸಾಲಾಗಿ ಕುಕ್ಕರುಗಾಲಲ್ಲಿ ಕೂತಿದ್ದರು. ಒಬ್ಬಳು ಓಡಿಬಂದು ಕೂತವಳ ಬೆನ್ನಿಗೆ ಅಂಗೈ ಬಡಿದು "ಖೋ" ಎಂದೊಡನೆ ಅವಳು ಬಾಣದಂತೆ ಎದ್ದು ಹೋಗುತ್ತಿದ್ದಳು. ನಡುವೆ ಅವರ ನಾಯಕಿ ಕಂಬ ಸುತ್ತಿ, ಬಾಗಿ, ಹೊರಳಿ ಯಾರ ಕೈಗೂ ಸಿಗದೆ ಓಡುತ್ತಿದ್ದಳು.

ಆಟ ನಿಂತ ಮೇಲೆ ಸುತ್ತ ಕೂತರು. ಚಿತ್ರದ ಮಾತು ಬಂದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ನಾಯಕಿಯೇ ಮೆಲ್ಲಗೆ ಹೇಳಿದಳು, "ಅಕ್ಕಾ, ಎದಿ ಮ್ಯಾಲ ಬ್ಯಾಡ್ರಿ. ಎಲ್ಲಾರೂ ಅಲ್ಲೇ ನೋಡ್ತಾರ. ಓಡಾಕ ನಾಚಿಕಿ ಬರ್ತದ."

ನಾನೂ ಹೆಣ್ಣೇ. ಆದರೂ ಆ ಮಾತು ನನಗೆ ಹೊಳೆದಿರಲಿಲ್ಲ.

"ಮತ್ತ ಎಲ್ಲಿರಬೇಕು?"

"ಬೆನ್ನಿನ ಮ್ಯಾಲ. ಕೂತಾಗ ಅದೇ ಕಾಣೂದು."

"ಕೋಣ ಇರ್ಲೇನು?"

ಎಲ್ಲರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. "ನಾವು ಕೋಣನಂಗ ಕಾಣ್ತೀವೇನ್ರಿ?" ಎಂದಳು ಒಬ್ಬಳು. "ಮುಂಗಸಿ ತಗೀರಿ ಅಕ್ಕಾ. ಅದು ಎಂಥಾ ಹಾವಿನ ಬಾಯಿಗೂ ಸಿಗೂದಿಲ್ಲ."

ಅನಗೋಳದ ನಮ್ಮ ಮನೆಯ ಪಡಸಾಲೆ ಅಂಗಡಿಯಾಯಿತು. ಟೀ ಶರ್ಟಿನ ಎದೆಯಲ್ಲಿ ಉಳಿದಿದ್ದ ಬಣ್ಣವನ್ನು ಉಗುರಿನಿಂದ ಕೆರೆದು ತೆಗೆದೆ. ಹಳೆ ಧೋತರದ ತುಂಡುಗಳ ಮೇಲೆ ಮುಂಗುಸಿಯನ್ನು ಒತ್ತಿ ನೋಡಿದೆ. ಅವ್ವ ಅವನ್ನು ಹಿತ್ತಲಿನ ಕಲ್ಲಿನ ಮೇಲೆ, ಸಿಟ್ಟು ತೀರಿಸಿಕೊಳ್ಳುವವಳಂತೆ, ಬಾರ್ ಸೋಪು ಹಚ್ಚಿ ಒಗೆದಳು. ಬಿಸಿಲಿನ ಕಾವೇ ಸಾಕೆಂದುಕೊಂಡಿದ್ದೆ, ಮೊದಲ ಮುಂಗುಸಿಯ ಬಣ್ಣ ನೀರಿಗೆ ಬಿಟ್ಟಿತು. ಎರಡನೆಯದಕ್ಕೆ ದಪ್ಪವಾಗಿ ಹಚ್ಚಿದೆ, ಅದು ಹಪ್ಪಳದಂತೆ ಬಿರುಸಾಗಿ ಬಗ್ಗಿಸಿದಲ್ಲಿ ಮುರಿಯಿತು.

ಆಗ ತಿಳಿದದ್ದು, ಚಿತ್ರವೂ ಬದಲಾಗಬೇಕೆಂದು. ತುಂಬು ಕಪ್ಪನ್ನು ಬಿಟ್ಟು ಬರೀ ಗೆರೆಗಳಲ್ಲಿ ಮುಂಗುಸಿ ಬರೆದೆ. ಮೈಯ ರೋಮಗಳ ಗೆರೆ, ಬಾಲದ ಗೆರೆ, ನಡುನಡುವೆ ಬಟ್ಟೆಯ ಹಳದಿ ಕಾಣುವ ಹಾಗೆ. ಬಟ್ಟೆ ಜಗ್ಗಿದರೆ ಗೆರೆಗಳು ದೂರ ಸರಿಯುತ್ತಿದ್ದವು, ಒಡೆಯುತ್ತಿರಲಿಲ್ಲ. ಹೊರಳುವ ಪ್ರಾಣಿಗೆ ಅದೇ ಒಪ್ಪುತ್ತಿತ್ತು.

ಕಾವಿಗೆ ನಮ್ಮ ಓಣಿಯಲ್ಲಿ ಇಸ್ತ್ರಿ ಮಾಡುತ್ತಿದ್ದ, ಚಿಕ್ಕಮ್ಮನಂತೆ ಎಲ್ಲರೂ ಮಾವಶಿ ಎಂದು ಕರೆಯುತ್ತಿದ್ದ ಹೆಂಗಸಿನ ಹತ್ತಿರ ಹೋದೆ. ಅವರದು ಇದ್ದಲಿನ ಹಿತ್ತಾಳೆ ಇಸ್ತ್ರಿ, ನನ್ನ ಎರಡೂ ಕೈಗೆ ಭಾರ. "ಮ್ಯಾಲಿಂದ ಇಡಬ್ಯಾಡ, ಬಟ್ಟಿ ಉಲ್ಟಾ ಮಾಡ. ಬಾಜೂಕ ಸರಿಸಬ್ಯಾಡ, ಒತ್ತಿ ಹಿಡಿ" ಎನ್ನುತ್ತ ಅವರೇ ಮಾಡಿ ತೋರಿಸಿದರು. ಹೊಗೆ ಬರುವ ಮೊದಲೇ ಬಟ್ಟೆಯ ವಾಸನೆಯಿಂದ ಎತ್ತುವ ಹೊತ್ತು ಅವರಿಗೆ ಗೊತ್ತಾಗುತ್ತಿತ್ತು.

ಹಾಗೆ ಕಾವು ಕೊಟ್ಟ ತುಂಡನ್ನು ಅವ್ವ ಒಂದೇ ದಿನ ಏಳು ಸಲ ಒಗೆದಳು. ಏಳನೆಯ ಸಲ ಹಿಂಡಿ, ಬಿಸಿಲಿಗೆ ಹಿಡಿದು, ನನ್ನನ್ನು ಕರೆದಳು. "ನನ್ನ ಕೈ ಸೋತ್ವು. ಇದು ಹೋಗೂದಿಲ್ಲ."

ಹನ್ನೆರಡೂ ಮುಂಗುಸಿಗಳು ಖಾನಾಪುರಕ್ಕೆ ಹೋದವು. ಒಂದು ತಿಂಗಳಾದ ಮೇಲೆ ಬೆಳಗಾವಿಯಲ್ಲಿ ಪಂದ್ಯಾವಳಿ. ಅಂದು ಅವ್ವ, ಮಾವಶಿ, ನಾನು ಮೂವರೂ ಹೋದೆವು. ಹುಡುಗಿಯರು ಸಾಲಾಗಿ ಕೂತಾಗ ಒಂದು ಮುಖ ಆಚೆ, ಒಂದು ಮುಖ ಈಚೆ. ಎತ್ತ ನಿಂತು ನೋಡಿದರೂ ನಾಲ್ಕು ಹಳದಿ ಬೆನ್ನುಗಳು, ನಾಲ್ಕು ಮುಂಗುಸಿಗಳು. ಪ್ರತಿ 'ಖೋ'ಗೆ ಒಂದು ಮುಂಗುಸಿ ನೆಗೆದೇಳುತ್ತಿತ್ತು. ನನ್ನ ಪಕ್ಕದಲ್ಲಿದ್ದವರು ಯಾರೋ "ಆ ಮುಂಗಸಿ ಟೀಮ್ ಯಾ ಊರದ್ದು?" ಎಂದು ಕೇಳಿದರು. ಮಾವಶಿ ನನಗಿಂತ ಮೊದಲು, ಖಾನಾಪುರ ತಮ್ಮದೇ ತವರೆಂಬಂತೆ ಉತ್ತರಿಸಿದರು.

ಕೊನೆಯ ಪಂದ್ಯ ಬಿಗಿಯಾಗಿತ್ತು. ನಾಯಕಿ ಕಂಬದ ಹತ್ತಿರ ಕೆಸರಿನಲ್ಲಿ ಜಾರಿ ಬಿದ್ದಳು, ಬೆನ್ನು ಉಜ್ಜಿಕೊಂಡೇ ಎದ್ದಳು, ಮತ್ತೆ ಓಡಿದಳು. ಕೊನೆಯ ಸೀಟಿ ಊದುವವರೆಗೂ ಅವಳು ಕೈಗೆ ಸಿಗಲಿಲ್ಲ. ಖಾನಾಪುರ ಗೆದ್ದಿತು. ಟೀಚರ್ ಅಳುತ್ತ ನಗುತ್ತ ನನ್ನ ಕೈ ಹಿಡಿದುಕೊಂಡು, ಅಲ್ಲಿಯೇ ಇದ್ದ ಇನ್ನೂ ಎರಡು ಸಾಲೆಗಳ ಟೀಚರುಗಳ ಮುಂದೆ ಎಳೆದು ನಿಲ್ಲಿಸಿದರು. "ಇಕೀನ ನೋಡ್ರಿ ಮಾಡಿದಾಕಿ."

ಅವರಲ್ಲೊಬ್ಬರು, "ನಮಗೂ ಇಂಥಾವ ಬೇಕು. ಯಾ ಪ್ರಾಣಿ ಹಾಕಸೂಣು?" ಎಂದು ಕೇಳಿದರು.

"ನಾ ಮೊದಲ ನಿಮ್ಮ ಹುಡುಗ್ಯಾರನ್ನ ನೋಡಾಕ ಬರ್ತೀನ್ರಿ," ಎಂದೆ. "ಅವರೇ ಹೇಳ್ತಾರ."